ಭಾರತಮ್ಮ ಆರಿಸಿ ತಂದ ಕಥೆಗಳು

ದೇವರಾಯಸಮುದ್ರದ ಭಾರತಮ್ಮ ಮದುವೆಯಾದ ಮೂರೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದವಳು. ಅಣ್ಣನ ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತ, ರೇಷ್ಮೆಹುಳು ಮೇಯಿಸುತ್ತ ಇದ್ದಳು. ಎಸ್ಸೆಸ್ಸೆಲ್ಸಿವರೆಗೆ ಓದಿದ್ದಳೆಂದು ೧೯೭೯ರಲ್ಲಿ ಅವಳನ್ನು ವಯಸ್ಕರ ಶಿಕ್ಷಣ ಕೇಂದ್ರಕ್ಕೆ ಟೀಚರಾಗಿ ಹಾಕಿಕೊಂಡರು. ಮಧ್ಯಾಹ್ನ ಹುಳುಗಳಿಗೆ ಸೊಪ್ಪು ಹಾಕಿದ ಮೇಲೆ ಹನ್ನೊಂದು ಹೆಂಗಸರು ಅವಳ ಅಣ್ಣನ ಮನೆಯ ಪಡಸಾಲೆಯಲ್ಲಿ ಸೇರುತ್ತಿದ್ದರು.

ಅಕ್ಷರ ಕಲಿಸುವುದು ಕಷ್ಟವಾಗಲಿಲ್ಲ, ಮಾತಾಡಿಸುವುದು ಕಷ್ಟವಾಯಿತು. ಮೇಲಿನಿಂದ ಬಂದ ಪುಸ್ತಕಗಳಲ್ಲಿ ನೀರು ಕಾಯಿಸಿ ಕುಡಿಯಿರಿ, ತಿಪ್ಪೆ ದೂರ ಹಾಕಿ ಎಂದಿತ್ತು. ಓದಿದ ಮೇಲೆ ಎಲ್ಲರೂ "ಹೂಂ, ಸರಿಯಾಗೇ ಐತೆ" ಅಂದು ಸೀರೆ ಕೊಡವಿಕೊಂಡು ಏಳುತ್ತಿದ್ದರು. ಭಾರತಮ್ಮ ಬಸ್ಸು ಹತ್ತಿ ಮುಳಬಾಗಿಲಿನ ಗ್ರಂಥಾಲಯಕ್ಕೆ ಹೋದಳು. ಅಲ್ಲಿದ್ದ ಕೃಷ್ಣಮೂರ್ತಿಗಳು ಭಕ್ತಿಕಥೆಗಳನ್ನು ತೆಗೆದಿಟ್ಟರು.

"ಇದು ಬೇಡ ಸಾರ್. ಎಲ್ರೂ ಒಪ್ಪೋ ಕಥೆ ತಗೊಂಡು ಏನ್ ಮಾಡ್ಲಿ? ಜಗಳ ಆಡೋ ಅಂಥದ್ದು ಕೊಡಿ."

ಅಂದಿನಿಂದ ಪುಸ್ತಕಗಳನ್ನು ತಾನೇ ಮೊದಲು ಓದುತ್ತಿದ್ದಳು. ಯಾರ ಪಕ್ಷ ಹಿಡಿಯಬೇಕೆಂದು ತನಗೇ ತೋಚದಿದ್ದರೆ ಮಾತ್ರ ಅದನ್ನು ಚೀಲಕ್ಕೆ ಹಾಕುತ್ತಿದ್ದಳು.

ಹಾಗೆ ತಂದ ಒಂದು ಕಥೆಯಲ್ಲಿ, ದಿನಾ ಒದೆ ತಿನ್ನುವ ಹೆಂಡತಿ ಮಲಗಿದ್ದ ಗಂಡನ ಮೇಲೆ ಕುದಿಯುವ ನೀರು ಸುರಿಯುತ್ತಾಳೆ. ಓದು ಮುಗಿಯುವ ಮುಂಚೆಯೇ ಪಡಸಾಲೆ ಹೊತ್ತಿಕೊಂಡಿತು.

"ಮಲಗಿದ್ದೋನ ಮೇಲಾ? ಪಾಪ ಸುತ್ಕೊಳ್ಳಲ್ವೇನೇ?" ಎಂದಳು ಎಲ್ಲರಿಗಿಂತ ಹಿರಿಯಳಾದ ವೆಂಕಟರತ್ನಮ್ಮ.

"ಎದ್ದಿದ್ದಾಗ ಸುರಿಯಕ್ಕೆ ಬಿಡ್ತಾನಾ?"

ಹಾಗೆ ಕೇಳಿದ್ದು ಅಕ್ಕಯಮ್ಮ. ಐದು ತಿಂಗಳಲ್ಲಿ ಅವಳು ಬಾಯಿ ಬಿಟ್ಟದ್ದು ಅದೇ ಮೊದಲು. ಸೊಟ್ಟಗೆ ಕೂಡಿಕೊಂಡಿದ್ದ ಮೊಣಕೈಯನ್ನು ಎಲ್ಲರ ಮುಂದೆ ಚಾಚಿದಳು. "ಇದನ್ನ ಮುರಿದಾಗ ಬಸುರಿ ನಾನು. ಮಗು ನಿಲ್ಲಲಿಲ್ಲ. ನೀರು ಸುರಿಯೋ ಧೈರ್ಯ ನನಗಿರಲಿಲ್ಲ, ಅಷ್ಟೇ."

ಈ ಮಾತು ಸಾರಾಯಿ ಅಂಗಡಿಯಲ್ಲಿದ್ದ ಅವಳ ಗಂಡ ಆವಲಪ್ಪನ ಕಿವಿಗೆ ಬಿತ್ತು. ಮೂರನೆಯ ದಿನ ಮಧ್ಯಾಹ್ನ ಬಂಡಿಯ ಗೂಟ ಹಿಡಿದು ಬಂದ. ಸಿಟ್ಟು ಬಂದರೆ ಅವನ ಬಾಯಲ್ಲಿ ತೆಲುಗೇ ಬರುತ್ತಿತ್ತು.

"ಏಮೇ, ರಾ ಬಯಟಿಕಿ! ನನ್ನ ಮೇಲೆ ಬಿಸಿನೀರು ಸುರೀತೀಯಾ?"

ಅವಳು ಹೊರಗೆ ಬರುವವರೆಗೂ ಕಾಯಲಿಲ್ಲ. ಒಳಗೆ ನುಗ್ಗಿ ಜುಟ್ಟು ಹಿಡಿದೆಳೆದು ಅಕ್ಕಯಮ್ಮನ ಹಣೆಯನ್ನು ಕಲ್ಲುಕಂಬಕ್ಕೆ ಚಚ್ಚಿದ. ಅಡ್ಡ ಬಂದ ಭಾರತಮ್ಮನ ದವಡೆಗೆ ಗೂಟದ ಏಟು ಬಿತ್ತು. ಎರಡು ಹಲ್ಲು ಸ್ಲೇಟಿನ ಮೇಲೆ ಉದುರಿದವು. ಅವನು ಪುಸ್ತಕವನ್ನು ಹರಿದು ಎಸೆದು, ಮತ್ತೆ ಹೆಂಡತಿಯ ಹೊಟ್ಟೆಗೆ ಒದೆಯತೊಡಗಿದ.

ಮೂಲೆಯಲ್ಲಿದ್ದ ಒನಕೆಯನ್ನು ಮೊದಲು ಎತ್ತಿದವಳು, ಪಾಪದ ಮಾತಾಡಿದ್ದ ವೆಂಕಟರತ್ನಮ್ಮನೇ. ಆಮೇಲೆ ಎಲ್ಲರೂ ಮೇಲೆ ಬಿದ್ದರು. ಕೈಗೆ ಸಿಕ್ಕ ಸೌದೆ, ಕೊಡ, ಕುಡುಗೋಲಿನ ಹಿಡಿ. ಅವನ ಮಂಡಿ ಮುರಿದ ಸದ್ದು ಕೇಳಿಸಿತು. ನೆಲಕ್ಕೆ ಬಿದ್ದು "ಅಮ್ಮಾ, ಅಮ್ಮಾ" ಅಂದರೂ ಏಟು ನಿಲ್ಲಲಿಲ್ಲ. ಭಾರತಮ್ಮ ಬಾಯಿ ತುಂಬ ರಕ್ತ ತುಂಬಿಕೊಂಡು ನೋಡುತ್ತ ಕೂತಿದ್ದಳು. ಕೊನೆಗೆ ಅಕ್ಕಯಮ್ಮ ತೆವಳಿಕೊಂಡು ಹೋಗಿ ಗಂಡನ ಮೇಲೆ ಅಡ್ಡ ಬಿದ್ದಾಗಲೇ ಕೈಗಳು ನಿಂತವು.

ಆವಲಪ್ಪನ ಬಲಗಣ್ಣು ಹೋಯಿತು, ಕಾಲು ಹೋಗಿ ಎದ್ದು ನಿಲ್ಲಲಾರದಾದ. ಪೊಲೀಸರು ಬಂದರು. ಊರ ಹಿರಿಯ ಮುನಿರಾಮಪ್ಪ ನಡುವೆ ಬಿದ್ದು ರಾಜಿ ಮಾಡಿಸಿದ. ಕೇಂದ್ರ ಮುಚ್ಚಿತು. ಒಂದೂವರೆ ತಿಂಗಳು ಪಡಸಾಲೆಗೆ ಯಾರೂ ಬರಲಿಲ್ಲ.

ಭಾರತಮ್ಮ ಮತ್ತೆ ಮುಳಬಾಗಿಲಿಗೆ ಹೋದಳು. ಹಗುರವಾದದ್ದೇನಾದರೂ ತರೋಣವೆಂದು ಹೊರಟವಳು, ಬೀರುವಿನ ಮುಂದೆ ಬಹಳ ಹೊತ್ತು ನಿಂತು, ಊರವರೆಲ್ಲ ಸೇರಿ ಕುರಿಕಳ್ಳನೊಬ್ಬನನ್ನು ಬಡಿದು ಕೊಲ್ಲುವ ಕಥೆ ತಂದಳು. ಅವನು ನಿಜವಾಗಿಯೂ ಕಳ್ಳನೇ. ಮನೆಮನೆಗೆ ಹೋಗಿ ಕರೆದಳು. ಏಳು ಜನ ಬಂದರು. ಅವರಲ್ಲಿ ಅಕ್ಕಯಮ್ಮನೂ ಇದ್ದಳು.

ಓದು ಮುಗಿಯಿತು.

"ಬಿದ್ದ ಮೇಲೂ ಹೊಡೆದೆ ಕಣೇ," ಎಂದಳು ವೆಂಕಟರತ್ನಮ್ಮ. "ಆ ಕಣ್ಣು ನನ್ನ ಏಟಿಗೇ ಹೋಯ್ತು."

"ಸಾಕು ಅನ್ನಬೋದಿತ್ತು ನಾನು," ಎಂದಳು ಭಾರತಮ್ಮ. "ಬಾಯಿಗೆ ಏಟು ಬಿದ್ದಿತ್ತು ಅಂತ ಸುಮ್ನಿದ್ದಿದ್ದಲ್ಲ. ಹೊಡೀಲಿ ಅನ್ನಿಸ್ತು."

ಎಲ್ಲರೂ ಅಕ್ಕಯಮ್ಮನ ಕಡೆ ತಿರುಗಿದರು.

"ಈಗ ಹೊಡೆಯಲ್ಲ, ಕೂತಲ್ಲೇ ಬೈತಾನೆ. ಉಣ್ಣಕ್ಕಿಡೋಳು ನಾನು, ಎತ್ತಿ ಕೂರಿಸೋಳು ನಾನು. ಒಳ್ಳೇದಾಯ್ತು ಅಂತ ನನ್ನ ಬಾಯಲ್ಲಿ ಹೇಳಿಸ್ಬೇಡಿ. ಕೆಟ್ಟದಾಯ್ತು ಅಂತಲೂ ನಾನು ಹೇಳಲ್ಲ."

"ಹಂಗಂದ್ರೆ ಹೆಂಗೇ? ಒಂದು ಹೇಳು!" ಎಂದು ಇನ್ನೊಬ್ಬಳು ರೇಗಿದಳು. ಮಾತಿಗೆ ಮಾತು ಬೆಳೆಯಿತು. ಇಬ್ಬರು ಅಳುತ್ತ ಎದ್ದು ಹೋದವರು ಮತ್ತೆಂದೂ ಬರಲಿಲ್ಲ. ಉಳಿದ ಐವರು ಸಂಜೆಯ ಸೊಪ್ಪಿನ ಹೊತ್ತು ಮೀರುವವರೆಗೂ ಜಗಳವಾಡಿದರು.

ಗುಂಪು ೧೯೮೬ರವರೆಗೂ ನಡೆಯಿತು. ಕೊನೆಯ ಎರಡು ವರ್ಷ ಮುಳಬಾಗಿಲಿಗೆ ಹೋಗಿ ಪುಸ್ತಕ ಆರಿಸುತ್ತಿದ್ದವಳು ಅಕ್ಕಯಮ್ಮ. ಅವಳು ತಂದದ್ದು ಭಾರತಮ್ಮನಿಗೆ ಅರ್ಧಕ್ಕರ್ಧ ಹಿಡಿಸುತ್ತಿರಲಿಲ್ಲ.