ಗಿಟಾರ್ ಮೇಷ್ಟ್ರು ಅಳಿಸಿದ ದನಿ

ನಮ್ಮ ಗಿಟಾರ್ ಮೇಷ್ಟ್ರ ಎಡಗೈ ಬೆರಳ ತುದಿಗಳು ತಂತಿ ಒತ್ತಿ ಒತ್ತಿ ತೆಂಗಿನ ಚಿಪ್ಪಿನಷ್ಟು ಗಟ್ಟಿಯಾಗಿದ್ದವು. ಸುಡುವ ಕಾಫಿ ಲೋಟವನ್ನು ಆ ತುದಿಗಳಲ್ಲೇ ಹಿಡಿದು ನೆಮ್ಮದಿಯಾಗಿ ಕುಡಿಯುತ್ತಿದ್ದರು. ನೊಣವಿನಕೆರೆಯ ಅವರ ಮನೆಯಲ್ಲಿ ಅಟ್ಟದ ತುಂಬ ಕೊಬ್ಬರಿಗೆ ಬಿಟ್ಟ ಕಾಯಿ, ಅದರ ಕೆಳಗಿನ ಕೋಣೆಯಲ್ಲಿ ನಮ್ಮ ಪಾಠ. ತಾಳ ತಪ್ಪಿದರೆ ಮೇಲೆ ನೋಡಿ, “ಅಟ್ಟದ ಕಾಯೆಲ್ಲ ನಗ್ತಾವೆ ಕಣವ್ವ” ಎನ್ನುತ್ತಿದ್ದರು. ಬೈದದ್ದು ಕಡಿಮೆ, ರೇಗಿಸಿದ್ದೇ ಹೆಚ್ಚು.

ಅವರಿಗೆ ಅಮೆರಿಕದ ಒಂದು ರಾಕ್ ಬ್ಯಾಂಡಿನ ಹುಚ್ಚು. ರಾಕ್‌ನಲ್ಲಿ ಹೆಸರು ಮಾಡಿದ್ದ ಆ ತಂಡ ಇದ್ದಕ್ಕಿದ್ದಂತೆ ತನ್ನ ನಾಡಿನ ಹಳ್ಳಿ ಹಾಡುಗಳ ಕಡೆ ತಿರುಗಿತಂತೆ. ಹಳ್ಳಿ ಹಾಡಿನವರು ಇವರ ಉದ್ದಗೂದಲು ನೋಡಿ ಗೇಲಿ ಮಾಡಿದರು, ರಾಕ್ ಕೇಳುವವರು ಬೆನ್ನು ತಿರುಗಿಸಿದರು. ಆದರೆ ಮುಂದೆ ಎರಡನ್ನೂ ಬೆರೆಸಿ ಕಂಟ್ರಿ ರಾಕ್ ಎಂದು ಮೆರೆದವರೆಲ್ಲ ನಡೆದದ್ದು ಅವರು ಸವೆಸಿದ ದಾರಿಯಲ್ಲೇ. ಇಷ್ಟು ಹೇಳಿ ಮೇಷ್ಟ್ರು ದನಿ ತಗ್ಗಿಸುತ್ತಿದ್ದರು. ತಂಡಕ್ಕೆ ಆ ರುಚಿ ಹತ್ತಿಸಿದವನು ಹೊಸದಾಗಿ ಸೇರಿದ್ದ ಒಬ್ಬ ಹುಡುಗ. ರೆಕಾರ್ಡು ಹೊರಬರುವಾಗ ಕೆಲವು ಹಾಡುಗಳಲ್ಲಿ ಅವನ ದನಿಯನ್ನೇ ತೆಗೆದು ಬೇರೆಯವರು ಹಾಡಿದ್ದರು.

“ಹಾಡು ತಂದೋನ ಗಂಟ್ಲನ್ನೇ ಅಳಿಸ್ಬುಟ್ರು ಕಣವ್ವ. ಅನ್ಯಾಯ ಅಂದ್ರೆ ಇದು” ಎನ್ನುವಾಗ ಅವರ ಕಣ್ಣು ತುಂಬಿಕೊಳ್ಳುತ್ತಿತ್ತು.

ಹುಳಿಯಾರು ಕಡೆಯ ನನ್ನಜ್ಜಿ ರಾಗಿ ಬೀಸುವಾಗ ಹೇಳುತ್ತಿದ್ದ ಒಂದು ಪದವನ್ನು ನಾನೊಮ್ಮೆ ಪಾಠ ಮುಗಿದ ಮೇಲೆ ಗುನುಗುತ್ತಿದ್ದೆ. ಮೇಷ್ಟ್ರು ಮತ್ತೆ ಮತ್ತೆ ಹೇಳಿಸಿದರು. ಕಲ್ಲು ತಿರುಗುವ ಜಾಗದಲ್ಲಿ ಅಜ್ಜಿ ಉಸಿರು ಬಿಡುತ್ತಿದ್ದಂತೆಯೇ ನಾನೂ ಬಿಡುತ್ತಿದ್ದೆ. ಅದನ್ನು ತಿದ್ದಿಕೊಳ್ಳಬೇಡ, ಅದೇ ಹಾಡಿನ ಜೀವ ಎಂದರು. ಗಿಟಾರು, ಡ್ರಮ್ಮುಗಳ ಅವರ ತಂಡದೊಂದಿಗೆ ತಿಪಟೂರು, ತುರುವೇಕೆರೆ ಎಲ್ಲ ಕಡೆ ಅದನ್ನು ಹಾಡಿದೆ. ನಮ್ಮ ಸೀಮೆಯ ಹುಡುಗರು ಪದಕ್ಕೆ ಡ್ರಮ್ಮು ಸೇರಿಸುವ ಚಾಳಿ ಕಲಿತದ್ದು ಅಲ್ಲಿಂದಲೇ. ದಬ್ಬೇಘಟ್ಟದಲ್ಲೂ ಒಂದು ತಂಡ ಹುಟ್ಟಿತು.

ಆಮೇಲೆ ಬೆಂಗಳೂರಿನ ಕಂಪನಿಯೊಂದು ನಮ್ಮನ್ನು ಕರೆಸಿ ಹಾಡನ್ನು ರೆಕಾರ್ಡ್ ಮಾಡಿಕೊಂಡಿತು. ಅದು ಬಿಡುಗಡೆಯಾದ ದಿನ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಫೋನಿನಲ್ಲಿ ಹಾಕಿದೆ. ಬೇರೆ ಯಾವಳೋ ಹಾಡುಗಾರ್ತಿಯ ದನಿ. ಉಸಿರು ಬಿಡುವ ಜಾಗ ಮಾತ್ರ ನನ್ನದೇ. ನನ್ನ ಹಾಡನ್ನು ಕೇಳಿಸಿಯೇ ಅವಳಿಗೆ ಕಲಿಸಿದ್ದರು.

ಓಡಿಹೋಗಿ ಕೇಳಿದರೆ ಮೇಷ್ಟ್ರು ಗಿಟಾರಿನಿಂದ ಕಣ್ಣೆತ್ತಲಿಲ್ಲ. “ಕಂಪ್ನಿಯೋರು ನಿನ್ ದನಿ ಒಪ್ಲಿಲ್ಲ ಕಣವ್ವ, ನಾನೂ ಹೂಂ ಅಂದೆ. ಹಾಡು ಹೊರಗ್ ಬಂತಲ್ಲ, ಬುಡು.”

ನಂಬಿಸಿ ಕತ್ತು ಕೊಯ್ಯುವುದೆಂದರೆ ಇದೇ. ಅದು ಅನ್ಯಾಯವೆಂದು ಗೊತ್ತಿಲ್ಲದವರು ಮಾಡಿದ್ದರೆ ಮರೆತುಬಿಡುತ್ತಿದ್ದೆ. ಮತ್ತೆ ಆ ಮನೆಯ ಹೊಸ್ತಿಲು ತುಳಿಯಲಿಲ್ಲ.

ಈ ವರ್ಷ ಅವರು ತೀರಿಕೊಂಡರು. ಶಿವಗಣಾರಾಧನೆಗೆ ಹೋದೆ. ಅವರ ಹೆಂಡತಿ ಕೈ ಹಿಡಿದು ಆ ಪದ ಹೇಳೆಂದು ಕೇಳಿಕೊಂಡರು. ಸಿಟ್ಟು ಆರಿರಲಿಲ್ಲ. ಆದರೂ ನನಗೊಂದು ದನಿ ಇದೆಯೆಂದು ಮೊದಲು ಕಂಡುಕೊಂಡವರು ಮೇಷ್ಟ್ರೇ ತಾನೆ? ಕೂತು ಹಾಡಿದೆ.

ಮುಗಿದ ಮೇಲೆ ಹಿರಿಯರೊಬ್ಬರು ಮನಸಾರೆ ಹೊಗಳಿದರು. “ಫೋನಲ್ಲಿ ಬತ್ತದಲ್ಲ, ಆವಮ್ಮನ್ ಥರಾನೇ ಹಾಡ್ತೀಯ ಕಣವ್ವ. ಚೆನ್ನಾಗ್ ಕಲ್ತಿದೀಯ.”

ಹಾಗಲ್ಲ, ಅದು ಇವಳದೇ ಎಂದು ಹೇಳಬೇಕಾಗಿದ್ದವರು ಒಬ್ಬರೇ. ಅವರು ಹೂವಿನ ಹಾರದ ಪಟದಲ್ಲಿದ್ದರು. ನನಗೆ ಅಳು ತಡೆಯಲಾಗಲಿಲ್ಲ. ಶಿಷ್ಯೆಗೆ ಗುರುವಿನ ಮೇಲೆ ಎಷ್ಟೊಂದು ಪ್ರೀತಿ ಎಂದು ಅಲ್ಲಿದ್ದವರು ಮಾತಾಡಿಕೊಂಡರು. ಅದೂ ಸುಳ್ಳಾಗಿರಲಿಲ್ಲ.