ನಗು ನುಂಗಿದ ಒಂಬತ್ತನೇ ತರಗತಿ

ಹೈಸ್ಕೂಲಿನ ಕಿಟಕಿಯಲ್ಲಿ ಮುಖ ತೂರಿಸಿ, ದವಡೆ ತಿರುಗಿಸುತ್ತಾ ಎಮ್ಮೆಯಂತೆ ಮೆಲುಕು ಹಾಕಿ ತೋರಿಸಿದೆ. ಒಂಬತ್ತನೇ ತರಗತಿಯಲ್ಲಿ ಒಬ್ಬರೂ ನಗಲಿಲ್ಲ! ಇಡೀ ಸದಲಗಾದಲ್ಲಿ ನನ್ನ ಎಮ್ಮೆಗೆ ನಗದವರಿಲ್ಲ. ಸತ್ತವರ ಮನೆಯಲ್ಲೂ ನಗಿಸಿದ ಗಂಡು ನಾನು. ಮೊಮ್ಮಗನಿಗೆ ಊಟದ ಡಬ್ಬಿ ಕೊಡಲು ಬಂದವನಿಗೆ ಅವಮಾನವಾಯಿತು. ರುಮಾಲು ಬಿಚ್ಚಿ ಸೆರಗಿನಂತೆ ಹೊದ್ದು, ಮೂತಿ ಸೊಟ್ಟ ಮಾಡಿದೆ. ಹುಡುಗರು ತುಟಿ ಕಚ್ಚಿಕೊಂಡರು, ಹುಡುಗಿಯರು ಬಾಯಿ ಮುಚ್ಚಿಕೊಂಡರು. ಟೀಚರ್ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕುಳಿತಿದ್ದರು. ಬೆತ್ತವೂ ಇಲ್ಲ, ಗದರಿಕೆಯೂ ಇಲ್ಲ.

ಕಿಟಕಿಯ ಪಕ್ಕದಲ್ಲಿದ್ದ ಮೊಮ್ಮಗ ಪಿಸುಗುಟ್ಟಿದ: "ಅಜ್ಜಾ, ಸುಮ್ಕಿರೋ! ಲಕ್ಷ್ಮಿ ಓದಾಕತ್ತಾಳ. ಆಕಿ ಮುಗಿಸೂತನಕ ಯಾರೂ ನಗಬಾರ್ದಂತ ನಾವ ರೂಲ್ ಮಾಡೀವಿ."

ಆಗ ನೋಡಿದೆ. ಹಲಗೆಯ ಮುಂದೆ ಪುಸ್ತಕ ಹಿಡಿದು ನಿಂತಿದ್ದ ಹುಡುಗಿಗೆ ತೊದಲು. ಒಂದೇ ಅಕ್ಷರಕ್ಕೆ ಸಿಕ್ಕಿಕೊಂಡು ಬೆವರುತ್ತಿದ್ದಳು. ತರಗತಿ ಆಗ ನಕ್ಕಿದ್ದರೆ, ತನ್ನನ್ನೇ ನೋಡಿ ನಕ್ಕರೆಂದು ಅವಳು ಮತ್ತೆ ಬಾಯಿ ತೆರೆಯುತ್ತಿದ್ದಳೋ ಇಲ್ಲವೋ. ನಾನು ರುಮಾಲು ಸುತ್ತಿಕೊಂಡು, ಉಸಿರು ಬಿಗಿಹಿಡಿದು ನಿಂತೆ.

ನಿಧಾನವಾಗಿ ಪಾಠದ ಕೊನೆಯ ಸಾಲೂ ಮುಗಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಲಕ್ಷ್ಮಿ ಪುಸ್ತಕ ಮಡಚಿ ನನ್ನತ್ತ ತಿರುಗಿದಳು. "ಅ... ಅಜ್ಜಾರ, ಈಗ ನಗಸ್ರಿ. ಪಾಪ, ಇವ್ರ ಹೊಟ್ಟಿ ಒಡ್ಯಾಕತ್ತಾವ."

ನಗಿಸಿದೆ. ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ.

ಅಂದಿನಿಂದ ಯಾರಾದರೂ ಮಾತಾಡುತ್ತಿದ್ದರೆ, ಅವರು ಮುಗಿಸುವವರೆಗೂ ಕಾಯುತ್ತೇನೆ. ಮನೆಯಾಕೆ ಮಾತ್ರ, ಈ ಮುದುಕನಿಗೆ ಜ್ವರ ಬಂದಿದೆಯೇನೋ ಎಂದು ಹಣೆ ಮುಟ್ಟಿ ನೋಡುತ್ತಾಳೆ.