ಇಂಕಕ್ಕ ಓದಿಸುವ ಫೋನ್ ನಂಬರು

ಬೆಳಗಿನ ಆರು ಗಂಟೆ. ಬೀದಿದೀಪ ಇನ್ನೂ ಆರಿಲ್ಲ. ಮೂರು ಮಹಡಿಯ ಕಟ್ಟಡವೊಂದರ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಹೆಂಗಸೊಬ್ಬರು ಕೆಟಲ್‌ನಲ್ಲಿ ನೀರು ಬೆಚ್ಚಗೆ ಮಾಡುತ್ತಿದ್ದಾರೆ. ಕುಡಿಯುವುದಕ್ಕಲ್ಲ. ಮಡಚಿದ ಬಟ್ಟೆಯನ್ನು ಆ ನೀರಿನಲ್ಲಿ ಅದ್ದಿ, ಹಿಂಡಿ, ಪ್ರಿಂಟರಿನಿಂದ ಬಿಚ್ಚಿದ, ಇಂಕು ಚಿಮ್ಮಿಸುವ ಹೆಡ್ಡನ್ನು ಅದರ ಮೇಲೆ ಕೂರಿಸುತ್ತಾರೆ. ಬಟ್ಟೆಗೆ ಮೊದಲು ನೀಲಿ ಇಳಿಯುತ್ತದೆ, ಆಮೇಲೆ ಹಳದಿ. ಕಪ್ಪು ಮಾತ್ರ ಜಪ್ಪಯ್ಯ ಅಂದರೂ ಬರುವುದಿಲ್ಲ.

"ಬರತ್ತೆ. ಅವಸರ ಮಾಡಿದ್ರೆ ಇನ್ನೂ ಮುನಿಸ್ಕೊಳ್ಳತ್ತೆ," ಎನ್ನುತ್ತಾರೆ.

ಬೀದಿಯವರಿಗೆಲ್ಲ ಇವರು ಇಂಕಕ್ಕ. ಮನೆಗಳ ಇಂಕ್‌ಜೆಟ್ ಪ್ರಿಂಟರುಗಳಲ್ಲಿ ಮಸುಕಾದ ಅಕ್ಷರವನ್ನು ಮತ್ತೆ ಕಪ್ಪಗೆ ಮಾಡಿಕೊಡುವುದೇ ಇವರ ಕಸುಬು. ನಾನು ಮೊದಲು ಹೋಗಿದ್ದು ಈ ಲೇಖನ ಬರೆಯುವುದಕ್ಕಲ್ಲ, ನನ್ನದೇ ಪ್ರಿಂಟರ್ ಹೊತ್ತುಕೊಂಡು. ಕ್ಲೀನಿಂಗ್ ಬಟನ್ ಎಷ್ಟು ಸಲ ಒತ್ತಿದಿರಿ ಎಂದು ಕೇಳಿದರು. ಒಂಬತ್ತು ಎಂದೆ, ಕೊಂಚ ಹೆಮ್ಮೆಯಿಂದಲೇ.

"ಒಂಬತ್ತಾ! ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗಾಯ್ತಲ್ಲ ಸಾರ್. ಎರಡು ಸಲ ಒತ್ತಿ, ಬರ್ಲಿಲ್ವಾ, ಒಂದು ರಾತ್ರಿ ಸುಮ್ನೆ ಬಿಡ್ಬೇಕು. ಒತ್ತಿದಷ್ಟೂ ಇಂಕು ಖಾಲಿ ಆಗತ್ತೆ ಅಷ್ಟೆ."

ದಿನಕ್ಕೆ ಆರೇಳು ಪ್ರಿಂಟರು ಬರುತ್ತವೆ. ಹತ್ತರಲ್ಲಿ ಏಳಕ್ಕೆ ರೋಗ ಒಂದೇ: ತಿಂಗಳುಗಟ್ಟಲೆ ಮುಟ್ಟದೆ ಬಿಟ್ಟು ಹೆಡ್ಡಿನ ಸಣ್ಣ ತೂತುಗಳಲ್ಲಿ ಇಂಕು ಒಣಗಿರುತ್ತದೆ. ಎರಡಕ್ಕೆ ರೋಗವೇ ಇರುವುದಿಲ್ಲ. ಇಂಕು ಉಳಿಸಲು ಯಾರೋ, ಅಕ್ಷರ ತೆಳುವಾಗಿ ಮೂಡುವ 'ಡ್ರಾಫ್ಟ್' ಒತ್ತಿ ಮರೆತಿರುತ್ತಾರೆ. ಉಳಿದ ಒಂದನ್ನು ಇಂಕಕ್ಕ ಮುಟ್ಟಿ ನೋಡಿ, "ಇದು ಹೋಯ್ತು" ಎಂದು ವಾಪಸು ಕೊಡುತ್ತಾರೆ. ಒದ್ದೆ ಬಟ್ಟೆ ಹಿಂಡಿ ಹಿಂಡಿ ಬೆರಳ ಸಂದುಗಳು ಬಿರುಕು ಬಿಟ್ಟಿವೆ. ಆ ಬಿರುಕುಗಳಲ್ಲಿ ನಿಂತ ಕಪ್ಪು ಸೋಪಿಗೂ ಹೋಗುವುದಿಲ್ಲ.

ರಿಪೇರಿ ಮುಗಿದ ಮೇಲೆ ಇಂಕಕ್ಕನದೊಂದು ವಿಚಿತ್ರ ಕ್ರಮವಿದೆ. ಸಣ್ಣ ಅಕ್ಷರದಲ್ಲಿ ಒಂದು ಫೋನ್ ನಂಬರು ಪ್ರಿಂಟ್ ಮಾಡಿ, ಪ್ರಿಂಟರಿನ ಯಜಮಾನರನ್ನು ಹೊಸ್ತಿಲಾಚೆ ನಿಲ್ಲಿಸಿ, ಹಾಳೆ ಹಿಡಿದು "ಓದಿ" ಎನ್ನುತ್ತಾರೆ. ಅಂಗಡಿಯ ಜಾಹೀರಾತಿರಬೇಕೆಂದು ನಾನೂ ನಗುತ್ತಾ ಓದಿದ್ದೆ. ಅದರ ಕಾರಣ ತಿಳಿದಿದ್ದು ಎರಡನೆಯ ಸಲ ಹೋದಾಗ. ತಿಳಿದ ಮೇಲೆ ಆ ನಗುವಿಗೆ ನಾಚಿಕೆಯಾಯಿತು.

ಹನ್ನೆರಡು ವರ್ಷದ ಹಿಂದೆ ಇವರು ಔಷಧದಂಗಡಿಯೊಂದರಲ್ಲಿ ಬಿಲ್ ಮಾಡುತ್ತಿದ್ದರು. ಮನೆಯಲ್ಲಿ ಮರೆವಿನ ಕಾಯಿಲೆಯ ಅಪ್ಪ. ಒಂದು ದಿನ ಬಾಗಿಲು ತೆರೆದಿತ್ತು, ಅಪ್ಪ ಇರಲಿಲ್ಲ. ಫೋಟೊ, ಹೆಸರು, ಫೋನ್ ನಂಬರು ಹಾಕಿ 'ಕಾಣೆಯಾಗಿದ್ದಾರೆ' ಎಂಬ ನೋಟಿಸನ್ನು ಮನೆಯ ಪ್ರಿಂಟರಿನಲ್ಲೇ ತೆಗೆಯಲು ಕುಳಿತರು. ಇಂಕು ತಳ ಕಂಡಿತ್ತು.

"ನಲವತ್ತು ಕಡೆ ಅಂಟಿಸ್ಬೇಕು ಅಂತ ಆಸೆ. ಅದಕ್ಕೇ ಡ್ರಾಫ್ಟ್ ಒತ್ತಿದೆ. ತುಂಬಾ ದಿನ ಉಪಯೋಗಿಸ್ದೆ ಹೆಡ್ಡೂ ಕಟ್ಕೊಂಡಿತ್ತು. ನಂಗೆ ಮಾತ್ರ ಸರಿಯಾಗೇ ಕಾಣ್ತು. ನನ್ನದೇ ನಂಬರಲ್ವಾ, ಬಾಯಿಪಾಠ. ಹಾಳೇಲಿ ಇಲ್ಲದೇ ಇರೋ ಗೆರೇನೂ ಕಣ್ಣು ತುಂಬ್ಕೊಂಡ್ಬಿಡ್ತು."

ಇಪ್ಪತ್ತು ದಿನ ಫೋನ್ ಬರಲಿಲ್ಲ. ಕೊನೆಗೆ ಬಸ್ ನಿಲ್ದಾಣದ ಚಪ್ಪಲಿ ರಿಪೇರಿಯವರೊಬ್ಬರು, ನೋಟಿಸು ಅಂಟಿಸಿದ್ದು ಇವರೇ ಎಂದು ವಿಚಾರಿಸಿಕೊಂಡು ಅಂಗಡಿಗೇ ಬಂದರು. ನೋಟಿಸು ಅಂಟಿಸಿದ ನಾಲ್ಕನೆಯ ದಿನ ಅಪ್ಪ ಅಲ್ಲಿಗೆ ಬಂದಿದ್ದರಂತೆ. ತಮ್ಮದೇ ಫೋಟೊ ಇದ್ದ ಕಂಬಕ್ಕೆ ಒರಗಿ ಮಧ್ಯಾಹ್ನದವರೆಗೂ ಕೂತಿದ್ದರಂತೆ.

"ನೀರು ಕೊಟ್ಟೆ ತಾಯಿ, ಕುಡಿದ್ರು. ಮುಖ ನೋಡಿದ್ ಕೂಡ್ಲೇ ಗೊತ್ತಾಯ್ತು. ಆದ್ರೆ ನಂಬರಲ್ಲಿ ಎರಡು ಕಡೆ ಮೂರೋ ಎಂಟೋ ತಿಳೀಲಿಲ್ಲ. ಮೂರು ಅಂತ ಒತ್ತಿದೆ, ಯಾರೋ ಬೈದ್ರು. ಇನ್ನೊಂದು ಥರ ಒತ್ತಿದೆ, ಅದೂ ಅಲ್ಲ. ಅಷ್ಟರಲ್ಲಿ ಒಂದು ಬಸ್ ಬಂತು, ಹತ್ಕೊಂಡ್ ಹೋಗ್ಬಿಟ್ರು," ಎಂದು ಆತ ಕೈಮುಗಿದರಂತೆ.

ಎರಡೂ ಕಡೆ ಇದ್ದದ್ದು ಎಂಟು.

ಆ ಬಸ್ಸು ಹೋಗುವ ಊರೂರನ್ನೂ ಇಂಕಕ್ಕ ಹುಡುಕಿದರು. ಅಪ್ಪ ಸಿಗಲಿಲ್ಲ. "ಅಪ್ಪನ್ನ ಕಳೆದಿದ್ದು ನೀನೇ" ಎಂದ ಅಣ್ಣ ಅಂದಿನಿಂದ ಮಾತು ಬಿಟ್ಟಿದ್ದಾನೆ. ಔಷಧದಂಗಡಿಯ ಕೆಲಸ ಬಿಟ್ಟು ಇವರು ಅದೇ ಪ್ರಿಂಟರನ್ನು ಬಿಚ್ಚಿ ಕಲಿಯತೊಡಗಿದರು. "ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು," ಎಂದು ತಮ್ಮನ್ನು ತಾವೇ ಹಂಗಿಸಿಕೊಳ್ಳುತ್ತಾರೆ. ಕೇಳುವವರಿಗೆ ನಗು ಬರುವುದಿಲ್ಲ.

ಗೋಡೆಯ ಮೊಳೆಯಲ್ಲಿ ನೇತುಹಾಕಿರುವ ಬಟನ್ ಫೋನ್ ಸದಾ ಚಾರ್ಜಿನಲ್ಲಿರುತ್ತದೆ. ನೋಟಿಸಿನಲ್ಲಿದ್ದ, ಈಗ ಎಲ್ಲರಿಂದ ಓದಿಸುವ ಅದೇ ನಂಬರು. ನೋಟಿಸಿನ ಇಂಕು ಬಿಸಿಲಿಗೆ ಬಣ್ಣಗೆಡುವುದರಿಂದ ತಿಂಗಳಿಗೊಮ್ಮೆ ಹೊಸದನ್ನು ಅಂಟಿಸಿ ಬರುತ್ತಾರೆ. ಅಪ್ಪನಿಗೆ ಈಗ ಎಂಬತ್ತೊಂಬತ್ತು.

ಇನ್ನೂ ಬರುತ್ತಾರೆ ಎಂಬ ನಂಬಿಕೆಯೇ ಎಂದು ಕೇಳಬಾರದಿತ್ತು, ಕೇಳಿದೆ. ಬಟ್ಟೆ ಹಿಂಡುತ್ತಲೇ ಹೇಳುತ್ತಾರೆ: "ಇಲ್ಲ. ಬರ್ತಾರೆ ಅಂತಲ್ಲ. ಯಾವ ಊರಲ್ಲಿ ಹೋದ್ರು, ಕೊನೇಗೆ ಯಾರು ಬಾಯಿಗೆ ನೀರು ಬಿಟ್ರು, ಅಷ್ಟನ್ನ ಯಾರಾದ್ರೂ ಫೋನ್ ಮಾಡಿ ಹೇಳಿದ್ರೆ ಸಾಕು."

ಅಷ್ಟರಲ್ಲಿ ಬಟ್ಟೆಗೆ ಕಪ್ಪು ಇಳಿಯುತ್ತದೆ. ಬೆಳಗಿನಿಂದ ಕೈಯಲ್ಲಿರುವುದು ನನ್ನದೇ ಪ್ರಿಂಟರು, ನಾನು ಬಂದಿದ್ದು ಇದು ಮೂರನೆಯ ಸಲ. ಹೆಡ್ಡು ಒರೆಸಿ ಕೂರಿಸಿ, ನಂಬರು ಪ್ರಿಂಟ್ ಮಾಡುತ್ತಾರೆ. ನಾನು ಹೊಸ್ತಿಲಾಚೆ ನಿಂತು ಗಡಗಡ ಓದಿಬಿಡುತ್ತೇನೆ. ಇಂಕಕ್ಕ ಅಡ್ಡಡ್ಡ ತಲೆಯಾಡಿಸುತ್ತಾರೆ.

"ನೀವು ಬೇಡ ಸಾರ್. ನಿಮ್ಗೂ ಬಾಯಿಪಾಠ ಆಗ್ಹೋಗಿದೆ."

ಹೊರಗೆ ಬಂದು, ಪೇಪರ್ ಹಾಕುತ್ತ ಹೋಗುತ್ತಿದ್ದ ಅಪರಿಚಿತ ಮುದುಕರೊಬ್ಬರನ್ನು ನಿಲ್ಲಿಸುತ್ತಾರೆ. "ಯಜಮಾನ್ರೇ, ಇದನ್ನೊಂದು ಓದ್ತೀರಾ?" ಆತ ಸೈಕಲ್ಲಿನಿಂದ ಇಳಿಯದೆ, ಕಣ್ಣು ಕಿರಿದು ಮಾಡಿ, ಒಂದೊಂದೇ ಅಂಕಿ ಓದುತ್ತಾರೆ. ಮೊದಲ ಎಂಟು ಎಂಟಾಗಿಯೇ ಬರುತ್ತದೆ. ಎರಡನೆಯದರ ಹೊತ್ತಿಗೆ ಇಂಕಕ್ಕನ ತುಟಿಯೂ ಅಲುಗುತ್ತದೆ.

"ಎಂಟು," ಎನ್ನುತ್ತಾರೆ ಆತ.

"ಹೂಂ. ತಗೊಂಡ್ಹೋಗಿ ಸಾರ್," ಎಂದು ಇಂಕಕ್ಕ ನನ್ನ ಪ್ರಿಂಟರನ್ನು ಬಟ್ಟೆಯಲ್ಲಿ ಕಟ್ಟಿಕೊಡುತ್ತಾರೆ. "ಈಗ ಯಾರ್ ಬೇಕಾದ್ರೂ ಓದ್ಬಹುದು."